ಕಾಕಾನ ಹಲಗೆ ಕಟ್ಟೆ

ನಮ್ಮ ಕಾಕಾ ಅಳತೆಯ ಟೇಪನ್ನು ನಂಬುವುದಿಲ್ಲ. ದೇವರನ್ನೂ ಅರ್ಧಂಬರ್ಧ. ಆದರೆ ಕಾಗದವನ್ನು ಮಾತ್ರ ಪೂರ್ತಿ ನಂಬುತ್ತಾರೆ! ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಗದ ಕತ್ತರಿಸಿಯೇ ನಿವೃತ್ತರಾದವರು, ಇನ್ನೇನನ್ನು ನಂಬಿಯಾರು?

ಕಳೆದ ವರ್ಷ ಕಾಕಾನ ಹೆಂಡತಿ, ಅಂದರೆ ನಮ್ಮ ಕಾಕು, ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅಂದಿನಿಂದ ವಾಕರ್ ತಳ್ಳಿಕೊಂಡು ಹಿಂಬಾಗಿಲವರೆಗೆ ಬರುವುದು, ಮೂರು ಮೆಟ್ಟಿಲ ಕೆಳಗಿರುವ ತಮ್ಮ ಜಾಜಿ ಬಳ್ಳಿಯನ್ನು ನೋಡುವುದು, ಸುಮ್ಮನೆ ಒಳಗೆ ಹೋಗುವುದು. ಇಷ್ಟೇ ಅವರ ಹಿತ್ತಿಲು.

ಹೀಗಿರುವಾಗ ಕಾಕಾ ಜೋಯಿಡಾದ ಯಾವುದೋ ಹೋಮ್‌ಸ್ಟೇಯಲ್ಲಿ ಹೊಳೆದಂಡೆಗೆ ಹಾಕಿದ್ದ ಹಲಗೆಯ ಕಟ್ಟೆ ನೋಡಿ ಬಂದರು. ನಮ್ಮ ಹಿತ್ತಿಲಿಗೂ ಅಂಥದ್ದು ಬೇಕು, ಅದನ್ನು ತಾವೇ ಕಟ್ಟಬೇಕು ಎಂದು ಹಟ ಹಿಡಿದರು.

“ಯಾರಿಗ್ರಿ ಕಾಕಾ?” ಎಂದೆ.

“ನನಗ! ಚಾ ಕುಡಿಯಾಕ.”

ಮನೆಯಲ್ಲಿ ನಾಲ್ಕು ಕುರ್ಚಿ ಇಟ್ಟುಕೊಂಡ ಮನುಷ್ಯನಿಗೆ ಚಹಾ ಕುಡಿಯಲು ಕಟ್ಟೆ ಯಾಕೆ? ನನಗೆ ಆಗಲೇ ಕುತೂಹಲ ಹತ್ತಿತು.

ನಕ್ಷೆಯೂ ಕಾಗದದ್ದೇ, ಅದೂ ಕಟ್ಟೆಯಷ್ಟೇ ದೊಡ್ಡದು! ಖಾಕಿ ಹಾಳೆಗಳನ್ನು ಅಂಟಿಸಿ, ಹಿತ್ತಿಲಲ್ಲಿ ಹಾಸಿ, ಮೂಲೆಗೊಂದು ಕಲ್ಲಿಟ್ಟರು. ಜೂನ್ ತಿಂಗಳ, ಮಳೆಗೆ ಮುಂಚಿನ ತೇವದ ಗಾಳಿಯಲ್ಲಿ ಅದು ಎರಡು ದಿನ ಮಲಗಿತು. ಮೂರನೆಯ ದಿನ ಅದರ ಮೇಲೆಯೇ ಮತ್ತಿ ಮರದ ಹಲಗೆಗಳನ್ನಿಟ್ಟು ಗುರುತು ಹಾಕಿ ಕೊಯ್ದರು. ಹಿಂಬಾಗಿಲ ಮಟ್ಟಕ್ಕೆ ಕಂಬ ನೆಟ್ಟು, ಮೇಲೆ ಜೋಡಿಸಿ ನೋಡಿದರೆ ಪ್ರತಿ ಹಲಗೆಯೂ ಬಳ್ಳಿಯ ಕಡೆಗೆ ಎರಡು ಬೆರಳು ಹೆಚ್ಚು! ತೇವಕ್ಕೆ ಕಾಗದ ಹಿಗ್ಗುತ್ತದೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವರು ಇವರೇ.

“ತುದಿ ಕೊಯ್ದ ಬಿಡೂಣ್ರಿ?” ಎಂದೆ.

“ಯಾಕ? ಹಲಗಿ ಉದ್ದ ಆಗಿಲ್ಲ, ಹಿತ್ತಲ ಸಣ್ಣದಾಗೇತಿ!”

ಆಮೇಲೆ ನಿಂಬೆಹಣ್ಣಿನ ಪ್ರಕರಣ. ದಿನಾ ಸಂಜೆ ಅಡುಗೆಮನೆಯಿಂದ ಕಟ್ಟೆಗೆ ಒಂದು ನಿಂಬೆಹಣ್ಣು ಉರುಳಿಸುತ್ತಿದ್ದರು. ಎಲ್ಲಾದರೂ ಸಂದಿಯಲ್ಲಿ ಅದು ತಡೆದರೆ ಹಲಗೆ ಬಿಚ್ಚಿ ಮತ್ತೆ ಬಡಿಯುತ್ತಿದ್ದರು. ಪಕ್ಕದ ಮನೆಯ ಅಜ್ಜಿ ನನ್ನನ್ನು ಬದಿಗೆ ಕರೆದರು. “ನಿಮ್ಮ ಕಾಕಾ ಮಾಟಾ ಗೀಟಾ ಕಲ್ತಾರೇನೋ ತಮ್ಮಾ?”

ನನಗೇನು ಗೊತ್ತು!

ಒಂದು ಸಂಜೆ ನಿಂಬೆಹಣ್ಣು ಎಲ್ಲೂ ನಿಲ್ಲದೆ ಕೊನೆಯ ಹಲಗೆ ಮುಟ್ಟಿತು. ಕಾಕಾ ಒಳಗೆ ಹೋಗಿ ಕಾಕುವಿನ ಮುಂದೆ ವಾಕರ್ ತಂದಿಟ್ಟರು.

“ಬಾ,” ಎಂದರು, ಅಷ್ಟೇ.

ವಾಕರಿನ ಗಾಲಿ ಬಾಗಿಲು ದಾಟಿತು. ಎಲ್ಲೂ ಮೆಟ್ಟಿಲಿಲ್ಲ, ಎಲ್ಲೂ ತಡೆಯಲಿಲ್ಲ. ತುದಿಗೆ ಬಂದ ಕಾಕು ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯನ್ನು ಬಳ್ಳಿಯತ್ತ ಚಾಚಿದರು. ಬೆರಳ ತುದಿಗೆ ಮೊಗ್ಗು ಸಿಕ್ಕಿತು. ಆ ಎರಡು ಬೆರಳು ಕೊಯ್ದಿದ್ದರೆ ಸಿಗುತ್ತಿರಲಿಲ್ಲ.

“ಅಳತಿ ಬರೋಬ್ಬರಿ ಐತ್ರೀ,” ಎಂದರು ಕಾಕು.

ಕಾಕಾ ನಿಂಬೆಹಣ್ಣು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದವರು ಬಹಳ ಹೊತ್ತು ಮೇಲೇಳಲೇ ಇಲ್ಲ.