ಮಾಮಾನ ಕರಡಿ ಸಿನೆಮಾ

ವಿಜಯಪುರದ ಬಿಸಿಲಿಗೆ ರಷ್ಯಾದ ಹಿಮ ತಂದು ಸುರಿದ ಏಕೈಕ ಮನುಷ್ಯ ನಮ್ಮ ಮಾಮಾ. ನಂಬುವುದಿಲ್ಲವೇ? ತಿಕೋಟಾದಲ್ಲಿ ಯಾರನ್ನಾದರೂ ಕೇಳಿ ನೋಡಿ!

ಅವ್ವನ ತಮ್ಮ ಇವನು. ನನಗೆ ಏಳು ವರ್ಷವಾದಾಗ ಅವ್ವ ತೀರಿಕೊಂಡಳು. ಅಂದಿನಿಂದ ನನ್ನನ್ನು ಸಾಕಿದವನೂ ಇವನೇ, ನನ್ನ ತಲೆ ತಿಂದವನೂ ಇವನೇ. ಗೋಳಗುಮ್ಮಟದ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಆಗ ರಷ್ಯನ್ ಪುಸ್ತಕಗಳ ಪ್ರದರ್ಶನಕ್ಕೆ ಬಂದವರು ಹಳೆಯ ಪ್ರೊಜೆಕ್ಟರನ್ನೂ ಮೊಲ, ನರಿ, ಕರಡಿಗಳ ಮೂರು ಮಕ್ಕಳ ಕಾರ್ಟೂನ್ ಸಿನೆಮಾಗಳ ರೀಲುಗಳನ್ನೂ ಇವನ ಕೈಗಿತ್ತು ಹೋದರು. ಅವರು ನೆಮ್ಮದಿಯಾಗಿ ಹೋದರು, ಕೆಟ್ಟದ್ದು ನಮ್ಮ ನೆಮ್ಮದಿ!

ಪ್ರೊಜೆಕ್ಟರಿನ ಸ್ಪೀಕರ್ ಸತ್ತಿತ್ತು. ಊರಿನ ರೇಡಿಯೊಗಳನ್ನೆಲ್ಲ ಮಾತಾಡಿಸಿದ ಮಾಮಾ ಅದನ್ನು ಮಾತ್ರ ರಿಪೇರಿ ಮಾಡಲಿಲ್ಲ. ಯಾಕೆ ಮಾಡುತ್ತಾನೆ? ಅದು ಬಾಯಿ ಬಿಟ್ಟರೆ ಇವನು ಬಾಯಿ ಮುಚ್ಚಬೇಕಲ್ಲ! ಸಿನೆಮಾ ಓಡಿದಷ್ಟು ಹೊತ್ತೂ ಪಕ್ಕದಲ್ಲಿ ನಿಂತು ಇವನೇ ಎಲ್ಲರ ಮಾತೂ ಆಡುತ್ತಿದ್ದ. ರಷ್ಯಾದ ಮೊಲ ರಷ್ಯಾದ ನರಿಯನ್ನು "ಊಟಾ ಆತೇನ್ರಿ?" ಎಂದು ಕೇಳುತ್ತಿತ್ತು.

ತಿಕೋಟಾದ ಶಾಲೆಯೊಂದರಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಮಕ್ಕಳನ್ನು ಕೂರಿಸಿದ್ದ. ಬೆವರಿನಲ್ಲಿ ತೊಯ್ದ ಒಬ್ಬ ಹುಡುಗ ಕೇಳಿದ, "ಆ ಬಿಳೀದು ಏನ್ರಿ ಅಜ್ಜಾರ?"

"ಐಸ್ ಗಾಡಿ ಪಲ್ಟಿ ಆಗೈತಿ, ತಮ್ಮಾ!"

ಅರ್ಧ ಕ್ಲಾಸು ಗಾಡಿ ಹುಡುಕಲು ಹೊರಗೆ ಓಡಿತು.

ಕರಡಿಮರಿಯ ಸಿನೆಮಾ ಅವನ ಪಂಚಪ್ರಾಣ. ಮರಿಯ ಅವ್ವ ಹಿಮದಲ್ಲಿ ಎಲ್ಲಿಗೋ ಹೋಗುತ್ತಾಳೆ. ಮರಿ ಕಿಟಕಿಯಲ್ಲಿ ದೀಪವಿಟ್ಟು ಕಾಯುತ್ತದೆ. ಅಷ್ಟರಲ್ಲಿ ರೀಲು ಮುಗಿದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಆಗ ಮಾಮಾ ಕೂಗುತ್ತಾನೆ, "ಬಂದ್ಳು ನೋಡ್ರಿ ಅವರವ್ವ! ಬಿಳಿ ಕಂಬಳಿ ಹೊತ್ಗೊಂಡ ಬರಾಕತ್ತಾಳ, ಅದಕ್ಕ ಲಗೂನ ಕಾಣವಲ್ಲಳು. ಕಣ್ಣ ಕೀಲಿಸಿ ನೋಡ್ರಿ!" ಮಕ್ಕಳು ನೋಡುತ್ತಿದ್ದರು. ಕಾಣುತ್ತಲೂ ಇದ್ದಳು! ಮೊದಲ ಸಲ ತೋರಿಸಿದಾಗ ನಾನಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ.

ರೀಲು ಅರ್ಧವೇ ಬಂದಿದೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಆದರೂ ಡೈರೆಕ್ಟರುಗಳ ಮೇಲೆ ಅವನ ತೀರ್ಪು ಪಕ್ಕಾ ಇತ್ತು. "ಮೊಲದ ಡೈರೆಕ್ಟರ್ ಶಾಣ್ಯಾ, ನರಿ ಡೈರೆಕ್ಟರ್ ನಡೀತೈತಿ, ಕರಡಿ ಡೈರೆಕ್ಟರ್ ಕಟುಕ." ರೀಲು ಅರ್ಧ ಬಂದರೆ ಡೈರೆಕ್ಟರ್ ಹೇಗೆ ಕಟುಕನಾಗುತ್ತಾನೆ? ಆ ಕಟುಕನಿಗೆ ವರ್ಷಕ್ಕೊಂದು ಬೈಗುಳದ ಪತ್ರ ಬೇರೆ, ಅದೂ ಕನ್ನಡದಲ್ಲಿ! ವಿಳಾಸ: ಕರಡಿ ಸಿನೆಮಾದ ಸಾಹೇಬರು, ಮಾಸ್ಕೋ, ಸೋವಿಯತ್ ದೇಶ.

"ಆ ದೇಶನ ಈಗ ಇಲ್ಲ ಮಾಮಾ," ಎಂದರೆ, "ದೇಶ ಇಲ್ದಿದ್ರ ಏನಾತು, ಪೋಸ್ಟ್‌ಮನ್ ಇರಂಗಿಲ್ಲೇನಲೇ?" ಎಂದು ನನಗೇ ಗದರುತ್ತಿದ್ದ.

ಇವನ ಹುಚ್ಚು ಬಿಡಿಸಪ್ಪಾ ಎಂದು ನಾನು ಬೇಡಿಕೊಳ್ಳದ ದೇವರಿಲ್ಲ. ಹೋದ ತಿಂಗಳು ಬಬಲೇಶ್ವರದ ಶಾಲೆಯಲ್ಲಿ ಅದು ಈಡೇರಿತು. ಆಟ ಮುಗಿದ ಮೇಲೆ ಅಲ್ಲಿನ ಟೀಚರ್, ಪಾಪ ಒಳ್ಳೆಯ ಮನಸ್ಸಿನಿಂದಲೇ, ಮೊಬೈಲಿನಲ್ಲಿ ಅದೇ ಸಿನೆಮಾ ಹುಡುಕಿ ಪೂರ್ತಿ ತೋರಿಸಿದರು. ಮರಿಯ ಅವ್ವ ಬರಲೇ ಇಲ್ಲ. ದೀಪ ಆರಿತು. ಬೆಳಗಾದ ಮೇಲೆ ಮರಿ ಬಾಗಿಲು ತೆರೆದು ಒಂಟಿಯಾಗಿ ಹೊರಟುಹೋಯಿತು.

"ಅಜ್ಜಾ, ಸುಳ್ಳ ಹೇಳೀರಿ!" ಎಂದು ಮಕ್ಕಳು ಕೂಗಿದರು. ಮಾಮಾ ಪ್ರೊಜೆಕ್ಟರ್ ಕಟ್ಟಿದ. ಬಸ್ಸಿನಲ್ಲಿ ವಿಜಯಪುರದವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದ. ಆಮೇಲೆ ಮುಟ್ಟಲಿಲ್ಲ. ಊಟವೂ ಅರ್ಧವಾಯಿತು. ಮನೆಯಲ್ಲಿ ಬೇಕೆಂದಷ್ಟು ನೆಮ್ಮದಿ. ನನಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ.

ಹೊಸ ಬಲ್ಬು ಹಾಕಿದರೆ ಉಮೇದು ಬಂದೀತೆಂದು ನಿನ್ನೆ ಪ್ರೊಜೆಕ್ಟರಿನ ಪೆಟ್ಟಿಗೆ ತೆರೆದೆ. ತಳದಲ್ಲಿ ಬಿಸ್ಕೀಟಿನ ಡಬ್ಬಿಯೊಂದಿತ್ತು. ಅದರಲ್ಲಿ ಸುತ್ತಿಟ್ಟ ಒಂದು ತುಂಡು ರೀಲು. ತುದಿ ಕತ್ತರಿಯಿಂದ ನೆಟ್ಟಗೆ ಕತ್ತರಿಸಿದ್ದು. ಬೆಳಕಿಗೆ ಹಿಡಿದೆ: ಆರಿದ ದೀಪ, ತೆರೆದ ಬಾಗಿಲು, ಹಿಮದಲ್ಲಿ ಒಂಟಿ ಮರಿ.

"ಮಾಮಾ, ಇದನ್ನ ನೀನ ಕತ್ತರಿಸಿದ್ಯಾ?"

"ಮತ್ಯಾರು? ನಿಮ್ಮವ್ವ ಹೋಗಿ ಇನ್ನಾ ತಿಂಗಳಾ ಆಗಿರ್ಲಿಲ್ಲ. ನೀ ಮುಂದನ ಕುಂದ್ರಾಂವ. ನಿನಗ ಇದನ್ನ ಹೆಂಗ ತೋರಸ್ಲೋ?" ತುಂಡು ರೀಲನ್ನು ನನ್ನ ಕೈಯಿಂದ ತೆಗೆದು ಡಬ್ಬಿಯಲ್ಲಿಡುತ್ತ ಕೇಳಿದ, "ಅವತ್ತ ಅಕಿ ಬಂದದ್ದು ನಿನಗ ಕಾಣ್ಸಿತ್ತಲ್ಲ?"

"ಕಾಣ್ಸಿತ್ತು ಮಾಮಾ. ಈಗೂ ಕಾಣ್ತಾಳ," ಎಂದೆ.

ಕಾಣುವುದಿಲ್ಲ. ಅವ್ವನ ಮುಖ ಮರೆತು ಎಷ್ಟೋ ವರ್ಷಗಳಾದವು. ಆದರೆ ಮಾಮಾನ ಮುಖ ನನ್ನ ಕಣ್ಣೆದುರಿಗೇ ಇತ್ತು.

"ಹಂಗಾದ್ರ ಸಾಕು ಬಿಡು," ಎಂದು ಡಬ್ಬಿಯ ಮುಚ್ಚಳ ಹಾಕಿದ.