ಪೂರ್ಣವಿರಾಮ ಹಾಕಿದ ತಪ್ಪಿಗೆ

ಪೂರ್ಣವಿರಾಮವಿಲ್ಲದ ವಾಕ್ಯ ಕಣ್ಣಿಗೆ ಬಿದ್ದ ದಿನ ನನಗೆ ಊಟ ರುಚಿಸುವುದಿಲ್ಲ. ಇದು ಗುಣವೋ ರೋಗವೋ ಎಂದು ನನ್ನ ಹೆಂಡತಿ ಶಾರದೆ ಇನ್ನೂ ತೀರ್ಮಾನಿಸಿಲ್ಲ. ಮೈಸೂರಿನ ಮುದ್ರಣಾಲಯವೊಂದರಲ್ಲಿ ಎಂಟು ವರ್ಷ ಕರಡು ತಿದ್ದಿ ಮುಂಬಯಿಗೆ ಬಂದವನು ನಾನು. ಮದುವೆಯ ಕರೆಯೋಲೆ ಬಂದರೂ ಮೊದಲು ಕಾಗುಣಿತ ನೋಡಿ, ಆಮೇಲೆ ಮದುವೆ ಯಾರದೆಂದು ನೋಡುತ್ತೇನೆ. ಇಂಥ ನನ್ನನ್ನು ಎಂಬತ್ತರ ದಶಕದ ಕೊನೆಯಲ್ಲಿ ಅಂಧೇರಿಯ ಸಣ್ಣದೊಂದು ಕಂಪ್ಯೂಟರ್ ಕಂಪನಿಯವರು ಕೆಲಸಕ್ಕೆ ತೆಗೆದುಕೊಂಡರು. ಅವರ ಪ್ರೋಗ್ರಾಂ ಬಳಸುವ ಗಿರಾಕಿ ದಾರಿ ತಪ್ಪಿದಾಗ ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆ ವಿವರಣೆ ಮೂಡಬೇಕು. ಆ ವಿವರಣೆಯ ಇಂಗ್ಲಿಷನ್ನು ತಿದ್ದುವುದು ನನ್ನ ಕೆಲಸ. ಆರು ತಿಂಗಳು ಪ್ರೊಬೇಷನ್. ಕಂಪ್ಯೂಟರ್ ಬಲ್ಲಿರಾ ಎಂದು ಅವರು ಕೇಳಲಿಲ್ಲ, ಬಾರದು ಎಂದು ನಾನೂ ಹೇಳಲಿಲ್ಲ.

ಪ್ರೋಗ್ರಾಂ ಬರೆದವಳು ಧಾರವಾಡದ ವಿದ್ಯಾ ಕುಲಕರ್ಣಿ. ಚುರುಕಾದ ಹುಡುಗಿ, ಆದರೆ ವಿರಾಮಚಿಹ್ನೆಗಳ ವಿಷಯದಲ್ಲಿ ತೀರಾ ಕೈ ಬಿಗಿ. ಲಾಡ್ಜುಗಳಿಗಾಗಿ ಅವಳು ಮಾಡಿದ ಪ್ರೋಗ್ರಾಮಿನ ವಿವರಣೆಯಲ್ಲಿ 'ಓಪನ್ ಗೆಸ್ಟ್', 'ಸಾರ್ಟ್ ರೂಮ್', 'ಪ್ರಿಂಟ್ ಗೆಸ್ಟ್' ಎಂಬ ಮೂರು ಆಜ್ಞೆಗಳು ಒಂದರ ಕೆಳಗೊಂದು, ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ ಬಿದ್ದಿದ್ದವು. ಬಚ್ಚಲಿಂದ ಹಾಗೇ ಓಡಿಬಂದ ಮಕ್ಕಳನ್ನು ಕಂಡಂತಾಯಿತು. ಕರೆದು ಬಟ್ಟೆ ತೊಡಿಸಿದೆ. ಮೂರನ್ನೂ ಒಂದೇ ಸಾಲಿಗೆ ತಂದು, ನಡುವೆ ಅಲ್ಪವಿರಾಮವಿಟ್ಟು, 'ಆಮೇಲೆ ಎಂಟರ್ ಒತ್ತಿರಿ' ಎಂಬುದನ್ನೂ ಇಂಗ್ಲಿಷಿನಲ್ಲಿ ಜೋಡಿಸಿ, ಕೊನೆಗೊಂದು ದುಂಡನೆಯ ಪೂರ್ಣವಿರಾಮ ಹಾಕಿದೆ. ಎರಡೂ ಅಂಚು ಗೆರೆ ಎಳೆದಂತೆ ಸಮ. ಆ ದಿನ ಊಟ ರುಚಿಸಿತು.

ಮುಂದಿನ ತಿಂಗಳು ಸಾಂತಾಕ್ರೂಜಿನ ಒಂದು ಲಾಡ್ಜಿನಿಂದ ದೂರು ಬಂತು. ಸಂಜೆ ಐದಕ್ಕೆ ಏರ್‌ಪೋರ್ಟಿನಿಂದ ನಲವತ್ತು ಜನರ ತಂಡ ಇಳಿಯುವುದಿತ್ತು, ಯಾರಿಗೆ ಯಾವ ಕೋಣೆ ಎಂಬ ಪಟ್ಟಿ ಅಚ್ಚಾಗುತ್ತಿರಲಿಲ್ಲ. "ಬರೆದವರು ನೀವು, ನೀವೇ ಹೋಗಿ ಬನ್ನಿ," ಎಂದರು ನಮ್ಮ ಸಾಹೇಬರು. ಪ್ರೊಬೇಷನ್ನಿನಲ್ಲಿ ಇನ್ನೂ ಮೂರು ವಾರ ಬಾಕಿಯಿತ್ತು. ನಾನು ಲೋಕಲ್ ರೈಲು ಹಿಡಿದೆ.

ಮ್ಯಾನೇಜರು ಮಂಗಳೂರು ಕಡೆಯ ಶೆಟ್ಟರು. ವಿವರಣೆ ತೆರೆದರೆ ಪ್ರೋಗ್ರಾಂ ಕಾಣುವುದಿಲ್ಲ ಎಂದು ಪರದೆಯಲ್ಲಿದ್ದುದನ್ನೆಲ್ಲ ಒಂದು ಹಾಳೆಯ ಮೇಲೆ ಮುದ್ದಾಗಿ ಬರೆದುಕೊಂಡಿದ್ದರು.

"ನೋಡಿ ಮಾರಾಯ್ರೆ, ನೀವು ಬರೆದದ್ರಲ್ಲಿ ಒಂದಕ್ಷರ ಬಿಡ್ಲಿಲ್ಲ ನಾನು. ಆದ್ರೂ ಅದು ಬೈತದೆ."

"ಏನೆಂದು?"

"ಸಿಂಟ್ಯಾಕ್ಸ್ ಎರರ್ ಅಂತ. ಯಾವ ಭಾಷೆಯ ಬೈಗುಳವೋ ಏನೋ."

ಅವರು ಒಂದೇ ಬೆರಳಿನಿಂದ ಒತ್ತಿ ತೋರಿಸಿದರು. 'ಆಮೇಲೆ ಎಂಟರ್ ಒತ್ತಿರಿ' ಎಂಬುದನ್ನೂ ಅಕ್ಷರ ಅಕ್ಷರವಾಗಿ ಶ್ರದ್ಧೆಯಿಂದ ಒತ್ತಿದರು. ನನಗೆ ಒಳಗೊಳಗೇ ನಗು. "ನೀವು ಏಳಿ," ಎಂದು ಗತ್ತಿನಿಂದ ಕುರ್ಚಿ ಹಿಡಿದೆ. ಆ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನು ಚುಕ್ಕೆ ಸಮೇತ ಒತ್ತಿದೆ. ಅದೇ ಬೈಗುಳ. ಇನ್ನೊಮ್ಮೆ, ನಿಧಾನವಾಗಿ ಒತ್ತಿದೆ. ಆಗಲೂ ಅದೇ.

"ನಿಮಗೂ ಬೈತದಲ್ಲ," ಎಂದರು ಶೆಟ್ಟರು. ಅವರ ಮುಖದಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು.

ಗಂಟೆ ನಾಲ್ಕಾಗಿತ್ತು. ಅವರ ಫೋನಿನಿಂದಲೇ ವಿದ್ಯಾಳಿಗೆ ಕರೆ ಮಾಡಿ ಒತ್ತಿದ್ದನ್ನು ಓದಿ ಹೇಳಿದೆ.

"ನಡುವ ಕಾಮಾ ಎಲ್ಲಿಂದ ಬಂತ್ರಿ?"

"ನಾನೇ ಹಾಕಿದೆ."

"ಕೊನೀಗೆ ಫುಲ್‌ಸ್ಟಾಪು?"

"ವಾಕ್ಯ ಮುಗಿಯಿತಲ್ಲಮ್ಮ."

"ಅದು ವಾಕ್ಯ ಅಲ್ರಿ ಸರ್. ಮೂರು ಸಾಲು, ಮೂರು ಸಲ ಎಂಟರ್. ನೀವು ಒಮ್ಮೆನೂ ಒತ್ತಿ ನೋಡಿಲ್ಲೇನ್ರಿ?"

ಒತ್ತಿ ನೋಡುವುದು ನನ್ನ ಕೆಲಸವೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅವಳು ಹೇಳಿದಂತೆ ಒಂದೊಂದೇ ಸಾಲು ಒತ್ತಿದೆ. ಪ್ರಿಂಟರು ಕಿರ್ರೆಂದು ಹಲ್ಲು ಕಡಿದು ಪಟ್ಟಿ ಉಗುಳಿತು. ಶೆಟ್ಟರು ಪಟ್ಟಿಯನ್ನು ಹರಿದುಕೊಂಡು ನನಗೆ ಕಾಫಿ ತರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ನನಗೆ ಹೇಳುವ ಮಾತು ಯಾವುದು, ನಾನು ಒತ್ತಬೇಕಾದ ಮಾತು ಯಾವುದು, ಅದು ಗೊತ್ತಾಗ್ಬೇಕಲ್ಲ? ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೀರಿ," ಎಂದರು. ಕಾಫಿ ನಾಲಿಗೆ ಸುಟ್ಟಿತು.

ಮರುದಿನದಿಂದ ಒತ್ತಬೇಕಾದ ಪ್ರತಿ ಸಾಲನ್ನೂ ಬೇರೆಯಾಗಿ, ಎಡಕ್ಕೆ ಐದು ಜಾಗ ಬಿಟ್ಟು, ಮೇಲೆ ಕೆಳಗೆ ಖಾಲಿ ಸಾಲಿಟ್ಟು ಬರೆಯತೊಡಗಿದೆ. ಕೊನೆಯಲ್ಲಿ ಚುಕ್ಕೆಯಿಲ್ಲ. ಬೆರಳು ಚುಕ್ಕೆಯ ಗುಂಡಿಯವರೆಗೆ ಹೋಗಿ ಹಿಂದೆ ಬರುತ್ತಿತ್ತು. ಬರೆದದ್ದನ್ನೆಲ್ಲ ನಾನೇ ಯಂತ್ರದ ಮುಂದೆ ಕೂತು ಒತ್ತಿಯೂ ನೋಡಿದೆ. ಅರ್ಧಕ್ಕರ್ಧ ನನಗೇ ತಿಳಿಯಲಿಲ್ಲ. ಅವನ್ನೆಲ್ಲ ಮತ್ತೆ ಬರೆದೆ.

ಮೂರು ವಾರ ಕಳೆದು ಕೆಲಸ ಕಾಯಂ ಆಯಿತು. ವಿದ್ಯಾಳೇ ಸಾಹೇಬರ ಎದುರು ಹೇಳಿದಳು: "ಇನ್ನ ಮ್ಯಾಲೆ ಎಲ್ಲಾನೂ ಮೊದಲ ಇವರ ಒತ್ತಿ ನೋಡ್ಲಿ. ಇವರಿಗೆ ತಿಳೀತಂದ್ರ ಯಾರಿಗೆ ಬೇಕಾದ್ರೂ ತಿಳೀತದ."

ಇಷ್ಟು ದೊಡ್ಡ ಮಾತನ್ನು ಯಾರೂ ನನ್ನ ಬಗ್ಗೆ ಆಡಿರಲಿಲ್ಲ. ಮನೆಗೆ ಬಂದವನೇ ಹುರುಳಿಕಾಯಿ ಬಿಡಿಸುತ್ತಿದ್ದ ಶಾರದೆಗೆ ಹೇಳಿದೆ. ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಅವಳು ತಲೆ ಬಗ್ಗಿಸಿ ಕೆಲಸ ಮುಂದುವರಿಸಿದಳು, ಭುಜ ಮಾತ್ರ ಕುಲುಕುತ್ತಿತ್ತು. ಆಗ ಆ ಮಾತನ್ನು ನಾನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಅಷ್ಟರಲ್ಲಿ ಅದನ್ನು ಲೋಕಲ್ಲಿನ ಗೆಳೆಯರಿಗೆಲ್ಲ ಎದೆಯುಬ್ಬಿಸಿ ಹೇಳಿಯಾಗಿತ್ತು. ಅವರು ಕೈ ಕುಲುಕಿ, ಕಿಟಕಿ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟಿದ್ದರು. ಎಲ್ಲರಿಗೂ ಒಮ್ಮೆಗೇ ಅಷ್ಟೊಂದು ಕನಿಕರ ಏಕೆ ಬಂತೆಂದು ಆಗ ನನಗೆ ಹೊಳೆದಿರಲಿಲ್ಲ.