ನಮ್ಮತ್ತಿ ಮಾರಿಯ ಕರೆಂಟ್ ಮುಖವಾಡ

ನಾ ಯಾವ ಕೆಲಸಕ್ಕ ಕೈ ಹಚ್ಚಿದ್ರೂ ಅದು ಮೊದಲ ಮಂದೀನ್ನ ನಗಿಸಿ, ನನ್ನೊಬ್ಬಾಕಿನ್ನ ಅಳಿಸಿ, ಆಮ್ಯಾಲ ಮುಗೀತೈತಿ. ಮಿಕ್ಸರ್ ರಿಪೇರಿಯಿಂದ ಹಿಡದು ಮಗಳ ಮದುವಿಮಟ ಹಿಂಗಽ ಆಗೇತಿ. ಹೋದ ವರ್ಷದ ಮುಖವಾಡದ ಸುದ್ದಿ ಅಂತೂ ನೆನಸಿಕೊಂಡ್ರ ಈಗಲೂ ಒಂದು ಉಸರ ಬಿಟ್ಟು, ಸದ್ಯ ಪಾರಾದ್ನೆಪಾ ಅಂತೀನಿ.

ನಾ ಚಿಕ್ಕೋಡಿ ಡಿಪ್ಲೊಮಾ ಕಾಲೇಜಿನ್ಯಾಗ ಎಲೆಕ್ಟ್ರಾನಿಕ್ಸ್ ಕಲಸಾಕಿ. ದಿನಾ ಶೇಡಬಾಳದಿಂದ ಬಸ್ಸಿಗೆ ಹೋಗಿ ಬರ್ತೀನಿ. ಹೋದ ವರ್ಷ ನಮ್ಮ ಶಾಖೆಗೆ ಹುಡುಗರಽ ಬರ್ಲಿಲ್ಲ. ಪ್ರಿನ್ಸಿಪಾಲರು ಕರದು, "ಮೇಡಂ, ಶಾಖೆ ಮುಚ್ಚೂ ಮಾತು ನಡದೈತ್ರಿ. ನಮ್ಮ ಕಾಲೇಜಿನ್ಯಾಗಽ ದೊಡ್ಡ ಪ್ರದರ್ಶನ ಐತಿ, 'ನಾವು ಯಾರು?' ಅನ್ನೂದು ವಿಷಯ. ನಾಕ ಮಂದಿ ಕಣ್ಣಿಗೆ ಬೀಳೂವಂಥಾದ್ದು ಏನರೆ ಮಾಡ್ರಿ, ಇಲ್ಲಂದ್ರ ಇಬ್ಬರೂ ಮನ್ಯಾಗ ಕುಂಡ್ರೂಣು" ಅಂದ್ರು. ಹದಿನಾರು ವರ್ಷದ ನೌಕರಿ. ಬಾಯಿಗೆ ಬಂದದ್ದು ಅಂದಬಿಟ್ಟೆ: "ಮಾತಾಡೂ ಮುಖವಾಡ ಮಾಡ್ತೀನ್ರಿ. ಹಾಕ್ಕೊಂಡ್ರ ನಮ್ಮ ಗಡಿ ಮಂದಿ ಹೆಂಗ ಅದಾರ ಅನ್ನೂದು ತಿಳೀಬೇಕು, ಹಂಗ."

ಅಂದಿದ್ದು ಸಸಾರ ಇತ್ತು. ಮಾಡೂದು ಇರ್ಲಿಲ್ಲ.

ಒಂದು: ಅಚ್ಚು ತಗದದ್ದು

ಮುಖವಾಡಕ್ಕ ಒಂದು ಮಾರಿ ಬೇಕಲ್ಲ? ಪ್ರಿನ್ಸಿಪಾಲರು ತಮ್ಮ ಮಾರಿ ಕೊಡಾಕ ತಯಾರಿದ್ರು. ಅದನ್ನ ನೋಡಿದ್ರ ಇದ್ದ ಹುಡುಗರೂ ಓಡಿ ಹೋಗ್ತಾರ ಅಂತ ನಾ ಮಾತು ಮರಸಿದೆ. ಕಡೀಕ ನಮ್ಮತ್ತೀನ್ನ ಕೇಳಿದೆ. ಎಪ್ಪತ್ತು ದಾಟಿದ ಮಾರಿ, ಗಲ್ಲದ ಮ್ಯಾಲ ಮಚ್ಚಿ, ಮೂಗಿನ್ಯಾಗ ಮೂಗಬಟ್ಟು. ನೋಡಿದ್ರ ಇದು ನಮ್ಮ ಕಡೇದಽ ಅಂತ ಯಾರರೆ ಹೇಳಬೇಕು.

"ಏನ ಮಾಡಬೇಕ ನಾ?" ಅಂದ್ರು ಅತ್ತಿ.

"ಏನೂ ಇಲ್ಲ. ಅರ್ಧಾ ತಾಸು ಮಾತಾಡದಂಗ ಮಲಗಬೇಕು."

"ಹಂಗಂದ್ರ ನನ್ನ ಬಾಯಿ ಮುಚ್ಚಾಕ ಇಷ್ಟೆಲ್ಲಾ ಖಟಪಟಿ ಮಾಡ್ಯಾಳ ಸೊಸಿ" ಅಂದ್ಕೋತ ಪಡಸಾಲ್ಯಾಗ ಚಾಪಿ ಮ್ಯಾಲ ಮಲಗಿದ್ರು. ಮೈಮ್ಯಾಲ ಹಳೇ ಬಿಳೇ ಚಾದರ ಹೊಚ್ಚಿ, ಮೂಗಿನ ಹೊಳ್ಳಿ ಅಷ್ಟ ಬಿಟ್ಟು, ಮಾರಿ ತುಂಬ ಪ್ಲಾಸ್ಟರ್ ಪಟ್ಟಿ ಹಚ್ಚಿ, ನಾ ಕೈ ತೊಳಕೊಳ್ಳಾಕ ಹಿತ್ತಲಕ್ಕ ಹೋದೆ.

ಅಷ್ಟರಾಗ ಮಗ್ಗಲ ಮನಿ ಕಾಕು ಹೆಪ್ಪಿಗೆ ಮಜ್ಜಿಗಿ ಬೇಡಾಕ ಬಂದ್ರು. ಬಾಗಲದಾಗ ನಿಂತು ನೋಡ್ತಾರ: ಬಿಳೇ ಚಾದರ, ಬಿಳೇ ಮಾರಿ, ಮಿಸುಕಾಟಿಲ್ಲ. ಕೈಯಾಗಿನ ವಾಟಗ ಅಲ್ಲೇ ಬಿತ್ತು. ನಮ್ಮ ಕಡೆ ಸತ್ತವರ ಮುಂದ ಸುಮ್ಮನ ಅಳೂದಿಲ್ಲ, ಅವರ ಗುಣಾ ಹಾಡಿಕೋತ ಅಳ್ತಾರ. ಕಾಕು ಅದರಾಗ ಊರಿಗೇ ಹೆಸರಾದಾಕಿ. ಸೆರಗು ಮಾರಿಗೆ ಮುಚ್ಚಿಕೊಂಡು ಸುರು ಮಾಡಿದ್ರು:

"ಓಣಿಗೆಲ್ಲಾ ಮಜ್ಜಿಗಿ ಹಂಚಿದಾಕೀ ನನ್ನಕ್ಕಾ... ನನ್ನ ಬಿಟ್ಟ ಎಲ್ಲಿ ಹೋದೀ ನನ್ನಕ್ಕಾ... ಸಂಡಿಗಿ ಹಾಕೂದು ಇನ್ಯಾರ ಕಲಸ್ತಾರ ನನ್ನಕ್ಕಾ..."

ನಾ ಒದ್ದಿ ಕೈಲೇ ಓಡಿ ಬಂದೆ. "ಕಾಕು, ಸತ್ತಿಲ್ರೀ" ಅನ್ನಾಕ ಬಾಯಿ ತಗದೆ. ಚಾದರದ ಕೆಳಗಿಂದ ಒಂದು ಕೈ ಹೊರಗ ಬಂತು. ಸುಮ್ಮನಿರು ಅಂತ ಬೆರಳಾಡಿಸಿ ಮತ್ತ ಒಳಗ ಹೋತು. ಅತ್ತಿಗೆ ಕೇಳಾಕ ಛಲೋ ಅನಸಾಕತ್ತಿತ್ತು.

ಕಾಕು ಮುಂದುವರಸಿದ್ರು: "ನಿನ್ನ ಹಿತ್ತಾಳಿ ಪರಾತ ನನ್ನ ಮಂಚದ ಕೆಳಗಽ ಐತಿ ನನ್ನಕ್ಕಾ... ಕಂಡಽ ಇಲ್ಲಂತ ಸುಳ್ಳ ಹೇಳಿದ್ನಲ್ಲೇ ನನ್ನಕ್ಕಾ..."

ಹಿಟ್ಟು ನಾದೂ ಆ ಪರಾತಕ್ಕ ಅತ್ತಿ ಎರಡು ವರ್ಷ ಹುಡುಕ್ಯಾಡಿದ್ರು. ಕಳದಾಕಿ ನಾನಽ ಅಂತ ನನ್ನ ಮ್ಯಾಲ ಹಾಕಿದ್ರು. ಈಗ ನನಗೂ ಅಳು ಬಂತು, ಸಮಾಧಾನಕ್ಕ.

ಪ್ಲಾಸ್ಟರ್ ಒಣಗೂಮಟ ಅತ್ತಿ ಅಲ್ಲಾಡ್ಲಿಲ್ಲ. ಅಚ್ಚು ಬಿಚ್ಚಿದ ಕೂಡ್ಲೇ ಎದ್ದು ಕುಂತರು. ಕಾಕು ಕಿಟಾರನ ಕಿರಚಿ ಗ್ವಾಡಿಗೆ ಹತ್ತಿದ್ರು. ಅತ್ತಿ ಸಾವಕಾಶ ಅಂದ್ರು: "ಛಲೋ ಹಾಡಿಕೋತ ಅತ್ತಿ ನೋಡವಾ. ಇನ್ನ ಹೋಗಿ ಪರಾತ ತಗೊಂಡ ಬಾ."

ಎರಡು: ನಿಪ್ಪಾಣಿ ಸಂತ್ಯಾಗ

ಅಚ್ಚಿನ ಮ್ಯಾಲ ಕಾಗದ, ಬಟ್ಟಿ, ಅಂಟು ಹಚ್ಚಿ ಮುಖವಾಡ ಮಾಡಿದೆ. ಬಣ್ಣಾ ಬಳದೆ. ಗಲ್ಲದ ಮಚ್ಚಿನೂ ಬಿಡ್ಲಿಲ್ಲ. ಹುಬ್ಬು, ತುಟಿ ತುಂಬ ಸಣ್ಣ ಸಣ್ಣ ದೀಪಾ. ಕಿವ್ಯಾಗ ಮೈಕು, ಬಾಯಾಗ ಸಣ್ಣ ಸ್ಪೀಕರ್; 'ನೀನು ಯಾರು?' ಅಂದ್ರ ನಾ ತುಂಬಿಟ್ಟ ಮಾತು ಆಡಬೇಕು. ಎದುರಿನವರು ಕನ್ನಡಾ ಮಾತಾಡಿದ್ರ ಹುಬ್ಬು ಹಳದಿ ಆಗಬೇಕು, ಮರಾಠಿ ಮಾತಾಡಿದ್ರ ನೀಲಿ. ಮನ್ಯಾಗ ಭೇಷ್ ನಡೀತು. ಖರೇ ಪರೀಕ್ಷಾ ಆಗಬೇಕಂದ್ರ ಎರಡೂ ಮಾತು ನಡಿಯೂ ನಿಪ್ಪಾಣಿಗೇ ಹೋಗಬೇಕು ಅಂತ ಹಾಕ್ಕೊಂಡು ಸಂತಿಗೆ ಹೋದೆ.

ಮೆಣಸಿನಕಾಯಿ ಮಾರೂ ಹೆಣಮಗಳ ಮುಂದ ಕುಂತೆ. ಆಕಿ ಮುಖವಾಡಕ್ಕೇನೂ ಅಂಜಲಿಲ್ಲ. ಗಿರಾಕಿ ಮಾರಿ ಹೆಂಗಿದ್ರೇನು ಅಂತ ಶುರು ಮಾಡಿದ್ಲು: "ಯಾ ಯಾ ಬಾಯಿ, ಬಸಾ! ಮಿರಚಿ ಏಕದಂ ತಾಜಾ ಐತಿ. ಖಾರ ಪಾಯಿಜೆ ಅಂದ್ರ ಇದನ್ನ ಘ್ಯಾ, ಮನ್ಯಾಗ ಸಣ್ಣ ಸಣ್ಣ ಲೇಕರಂ ಅದಾವಂದ್ರ ಆ ಬಾಜೂದ್ದು ಒಯ್ಯಿ. ಕಿತಿ ತೂಗ್ಲಿ?"

ಹಳದಿ, ನೀಲಿ, ಹಳದಿ, ನೀಲಿ. ಮದುವಿ ಹಂದರದ ಲೈಟಿನ ಸರದಂಗ ಹುಬ್ಬು ಕುಣ್ಯಾಕತ್ತು. ಸಂತಿ ಮಂದಿ ಎಲ್ಲಾ ಕೂಡಿದ್ರು. ಒಳಗ ನನ್ನ ಹಣಿ ಚುರ್ ಅನ್ನಾಕತ್ತು. ಸುಟ್ಟ ವಾಸನಿ ಬಂದ ಮ್ಯಾಲ ಕಿತ್ತ ತಗದು, ಸಿಟ್ಟಿಲೆ ಕೇಳಿದೆ: "ಯವ್ವಾ, ಒಂದು ಹೇಳು. ನೀ ಮಾತಾಡೂದು ಕನ್ನಡಾನೋ ಮರಾಠೀನೋ?"

ಆಕಿ ತಕ್ಕಡಿ ಕೆಳಗಿಟ್ಟು ನನ್ನ ಮಾರಿ ನೋಡಿದ್ಲು. "ನಾ ಮೆಣಸಿನಕಾಯಿ ಮಾರಾಕತ್ತೀನಿ."

ಊರಿಗೆ ಬಂದು ಮೂರನೇ ಬಣ್ಣಾ ಹಾಕಿದೆ. ಎರಡೂ ಕೂಡಿದ್ರ ಹಸರ. ಅವತ್ತಿನಿಂದ ಹಳದಿ ನೀಲಿ ಎರಡೂ ಹತ್ತಿದ್ದು ಕಡಿಮಿ, ಹಸರಽ ಜಾಸ್ತಿ.

ಮೂರು: ಹೊತ್ತು ಮುಣಗಿತು

ಮುಖವಾಡದ ಹಣಿ ಮ್ಯಾಲ ಕುಂಕುಮದ ಬೊಟ್ಟಿನಂಗ ಬೆಳಕು ನೋಡೂ ಒಂದು ಕಣ್ಣು ಕುಂಡ್ರಿಸಿದ್ದೆ. ಕತ್ತಲಾದ್ರ ತುಟಿ ದೀಪಾ ಹೆಚ್ಚಿಗಿ ಬೆಳಗಲಿ ಅಂತ. ನಾ ಅದರ ವಾಯರ್ ಉಲ್ಟಾ ಕೂಡಿಸಿದ್ದೆ. ಸಂಜೀಕ ಹೊತ್ತು ಮುಣಗಿದ ಕೂಡ್ಲೇ ತುಟಿ ದೀಪಾ ಆರಿದ್ವು, ಅದಽ ವಾಯರಿನ ಸ್ಪೀಕರೂ ಬಂದ್ ಆತು. ನಾ ಹಣಿ ಹಣಿ ಬಡಕೊಂಡೆ.

ಅತ್ತಿ ಬಂದು ನೋಡಿದ್ರು. ನಾವು ಜೈನರು. ಅತ್ತಿ ಹೊತ್ತು ಮುಣಗಿದ ಮ್ಯಾಲ ಒಂದು ಅಗಳ ಬಾಯಾಗ ಹಾಕಾಕಿ ಅಲ್ಲ. ತುಟಿ ದೀಪಾ ಅಲ್ಲಾಡೂದು ಅವರ ಕಣ್ಣಿಗೆ ಏನರೆ ಅಗದು ತಿಂದಂಗಽ ಕಾಣತಿತ್ತಂತ. "ನೋಡು! ಹೊತ್ತು ಮುಣಗಿತು, ಬಾಯಿ ಮುಚ್ಚಿತು. ಯಾರೂ ಹೇಳಿಕೊಟ್ಟಿಲ್ಲ! ನಿನ್ನ ಗಂಡಗ ನಲವತ್ತು ವರ್ಷ ಹೇಳೀನಿ, ಇನ್ನೂ ಬುದ್ಧಿ ಬಂದಿಲ್ಲ" ಅಂದ್ರು.

ನನ್ನ ಗಂಡ ಒಳಗ ಚುರಮರಿ ತಿನ್ನಾಕತ್ತಿದ್ದ. ಕಟಂ ಕುಟಂ ಸಪ್ಪಳ ಒಮ್ಮೆಲೆ ನಿಂತು ಹೋತು.

"ಅತ್ತಿ, ಅದು ತಪ್ಪು. ವಾಯರ್ ತಿರುವಿ ಹಾಕಬೇಕು" ಅಂತ ಸ್ಕ್ರೂಡ್ರೈವರ್ ಹಿಡದೆ. ಅತ್ತಿ ಮುಖವಾಡ ಕಸಗೊಂಡು ಎದಿಗೆ ಅವಚಿಕೊಂಡ್ರು.

"ಯಾರ ಮಾರಿ ಇದು?"

"ನಿಮ್ಮದು."

"ನನ್ನ ಮಾರಿಗೆ ರಾತ್ರಿ ಉಣಸ್ತಿ ಏನ?"

ಪ್ರದರ್ಶನದಾಗ ನನ್ನ ಪಾಳಿ ಮುಂಜಾನೆ ಹನ್ನೊಂದಕ್ಕ ಇತ್ತು. ಹೋಗಲಿ ಬಿಡು ಅಂತ ಸ್ಕ್ರೂಡ್ರೈವರ್ ಕೆಳಗಿಟ್ಟೆ.

ನಾಕು: ನೀನು ಯಾರು?

ಮುಖ್ಯ ಅತಿಥಿ ಬರೂದು ತಡಾ ಆತು. ಹನ್ನೊಂದು ಹೋಗಿ ಎರಡಾತು, ಎರಡು ಹೋಗಿ ಐದಾತು. ಮೈದಾನದ ಹಂದರದಾಗ ಅತ್ತಿ ಮುಂದಿನ ಸಾಲಿನ್ಯಾಗ ಕುಂತು, ತಂದಿದ್ದ ಬುತ್ತಿ ಹೊತ್ತು ಮುಣಗೂದ್ರಾಗಽ ಉಂಡು ಮುಗಿಸಿದ್ರು. ಅತಿಥಿ ಬಂದು, ಭಾಷಣ ಮುಗದು, ನನ್ನ ಹೆಸರು ಕರದಾಗ ಆಗಲೇ ಮಬ್ಬುಗತ್ತಲಿ. ಆದ್ರೂ ವೇದಿಕಿ ಮ್ಯಾಲ ದೊಡ್ಡ ದೊಡ್ಡ ಲೈಟ್ ಇದ್ವು, ಸದ್ಯ ಅಂದ್ಕೊಂಡು ಮುಖವಾಡ ಹಾಕ್ಕೊಂಡೆ.

ನಮ್ಮ ಪ್ರಿನ್ಸಿಪಾಲರು ಮೈಕು ಹಿಡದು ಹುರುಪಿಲೆ ಕೂಗಿದ್ರು: "ದೀಪದ ಮುಖವಾಡ ಐತ್ರಿ, ಚಂದ ಕಾಣ್ಲಿ. ಎಲ್ಲಾ ಲೈಟ್ ಆರಸ್ರಿ!"

ಆರಸಿದ್ರು.

ಬೆಂಗಳೂರಿಂದ ಬಂದಿದ್ದ ಕಲಾ ಪ್ರಾಧ್ಯಾಪಕಿ ತೀರ್ಪುಗಾರರು. ಹತ್ತಿರ ಬಂದು ಮುಖವಾಡಕ್ಕೆ ಕೇಳಿದ್ರು: "ನೀನು ಯಾರು?"

"ನಾ ಗಡಿ ಮಗಳು. ಕನ್ನಡದಾಗ ಬೈತೀನಿ, ಮರಾಠ್ಯಾಗ ಚೌಕಾಸಿ ಮಾಡ್ತೀನಿ" ಅಂತ ಅದು ಹೇಳಬೇಕಿತ್ತು. ಹುಬ್ಬು ಹಳದಿ ಆತು. ಬಾಯಿ ಗಪ್. ಅವರು ಮತ್ತ ಕೇಳಿದ್ರು. ಗಪ್. ಹದಿನಾರು ವರ್ಷದ ನೌಕರಿ ಕಣ್ಣ ಮುಂದ ಬಸ್ ಹತ್ತಿ ಹೋದಂಗಾತು.

ಮುಂದಿನ ಸಾಲಿನಿಂದ ಅತ್ತಿ ಎದ್ದು ನಿಂತು ಒದರಿದ್ರು: "ಅಕ್ಕಾರ, ಎಷ್ಟ ಕೇಳಿದ್ರೂ ಅಷ್ಟಽ! ಹೊತ್ತು ಮುಣಗೇತಿ, ಅದು ಬಾಯಿ ತಗಿಯಂಗಿಲ್ಲ. ಅದು ನನ್ನ ಮಾರಿ!"

ಮಂದಿ ಹೋ ಅಂತ ನಕ್ರು. ಪ್ರಾಧ್ಯಾಪಕಿ ನಗಲಿಲ್ಲ. "ಇದನ್ನು ಬೇಕೆಂದೇ ಹೀಗೆ ಮಾಡಿದಿರಾ?" ಅಂತ ನನ್ನ ಕೇಳಿದ್ರು. ಸುಳ್ಳು ಹೇಳಾಕ ಬಾಯಿ ಬರ್ಲಿಲ್ಲ. "ಇಲ್ರಿ, ವಾಯರ್ ಉಲ್ಟಾ ಆಗಿತ್ತು" ಅಂದೆ. ಪ್ರಿನ್ಸಿಪಾಲರು ಕುರ್ಚ್ಯಾಗ ಕುಸದ ಕುಂತರು.

"ಮತ್ತೆ ಸರಿ ಮಾಡಲಿಲ್ಲ ಯಾಕೆ?"

"ಅತ್ತಿ ಬಿಡ್ಲಿಲ್ರಿ."

ಅವರು ಅತ್ತೀನ್ನ ನೋಡಿದ್ರು, ಮುಖವಾಡ ನೋಡಿದ್ರು. "ನಾವು ಯಾರು ಅನ್ನೋದಕ್ಕೆ ಬೆಳಗಿನಿಂದ ನನಗೆ ಸಿಕ್ಕ ಒಂದೇ ನೇರ ಉತ್ತರ ಇದು" ಅಂದು ಮೊದಲ ಬಹುಮಾನ ಕೊಟ್ರು. ಪ್ರಿನ್ಸಿಪಾಲರು ಅಲ್ಲೇ ಮೈಕಿನ್ಯಾಗ, "ಎಲೆಕ್ಟ್ರಾನಿಕ್ಸ್ ಶಾಖೆ ಮುಚ್ಚೂದಿಲ್ಲ!" ಅಂತ ಸಾರಿಬಿಟ್ರು. ನನಗ ಹೋದ ಜೀವ ತಿರುಗಿ ಬಂತು. ಮುಖವಾಡದೊಳಗಽ ಮನಸಾರೆ ಅತ್ತೆ, ಯಾರಿಗೂ ಕಾಣ್ಲಿಲ್ಲ.

ಐದು: ಹಾರ ಹಾಕಿದ ಫೋಟೋ

ಬಹುಮಾನ ಬಂದ ಮುಖವಾಡಕ್ಕ ಅತಿಥಿಗಳು ಝೆಂಡು ಹೂವಿನ ದೊಡ್ಡ ಹಾರ ಹಾಕಿದ್ರು. ಮೇಜಿನ ಮ್ಯಾಲ ಇಟ್ಟು ನನ್ನ ಗಂಡ ಒಂದು ಫೋಟೋ ತಗದ. ಹಿಗ್ಗಿನ್ಯಾಗ ಒಂದು ಅಕ್ಷರಾನೂ ಬರೀದ, ಕೆಳಗ ಎರಡು ಕೈ ಮುಗಿದ ಚಿತ್ರಾ ಹಾಕಿ, ಬೀಗರು ಬಿಜ್ಜರು ಎಲ್ಲಾರಿಗೂ ಕಳಿಸಿಬಿಟ್ಟ. ಆಮ್ಯಾಲ ಫೋನ್ ಆರಿಸಿ ಮಲಗಿದ.

ಮುಂಜಾನೆ ನಾ ಅಂಗಳ ಕಸಾ ಹೊಡ್ಯಾಕತ್ತಿದ್ದೆ, ಅತ್ತಿ ಕಟ್ಟಿ ಮ್ಯಾಲ ಜ್ವಾಳಾ ಹಸನ ಮಾಡಾಕತ್ತಿದ್ರು. ಓಣಿ ತುದಿಗೆ ಒಂದು ಟೆಂಪೋ ನಿಂತಿತು. ಹಿಂದ ಇನ್ನೊಂದು. ಅಥಣಿಯವರು, ರಾಯಬಾಗದವರು, ಹತ್ತಿಪ್ಪತ್ತು ಹೆಣಮಕ್ಕಳು ಮಾರಿಗೆ ಸೆರಗು ಮುಚ್ಚಿಕೊಂಡು, ಸಣ್ಣಗ ದನಿ ತಗಕೋತ ಇಳ್ಯಾಕತ್ತಿದ್ರು.

ನನಗ ತಿಳೀತು. ಕಸಬರಗಿ ಒಗದು, "ಅಯ್ಯ, ಸತ್ತಿಲ್ರೀ" ಅಂತ ಓಡಾಕ ಹೊಂಟೆ. ಅತ್ತಿ ನನ್ನ ರೆಟ್ಟಿ ಗಪ್ಪನ ಹಿಡದ್ರು. ಜ್ವಾಳದ ಮೊರ ಬದೀಗಿಟ್ಟು, ಆ ವಯಸ್ಸಿನ್ಯಾಗ ಹೆಂಗ ಓಡಿದ್ರೋ, ಪಡಸಾಲಿಗೆ ಹೋಗಿ ಚಾಪಿ ಹಾಸಿ, ಬಿಳೇ ಚಾದರ ಎಳಕೊಂಡು ಮಲಗಿದ್ರು.

"ಅತ್ತಿ, ಏನಿದು!"

"ಅಥಣಿ ನೆಗೆಣ್ಣಿ ಬಂದಾಳ" ಅಂತ ಚಾದರದೊಳಗಿಂದ ದನಿ ಬಂತು. "ನನ್ನ ಇಳಕಲ್ ಸೀರಿ ಹೋಗಿ ಹನ್ನೆರಡು ವರ್ಷಾತು. ನೀ ಬಾಗಲಾ ತಗಿ. ಎಲ್ಲಾರೂ ಅತ್ತು ಮುಗಸೂಮಟ ಚಹಾಕ್ಕ ಇಡಬ್ಯಾಡ."